ಹೊಸ ರಾಕ್ ಆಲ್ಬಮ್: ಅತ್ಯುತ್ತಮ ಧ್ವನಿಯ ಫಾರ್ಮ್ಯಾಟ್ ಆರಿಸಲು ಸಮಗ್ರ ಮಾರ್ಗದರ್ಶಿ

ಹೆಸರಾಂತ ರಾಕ್ ತಂಡವೊಂದರ ಹೊಸ ಆಲ್ಬಮ್ ಇಂದು ಒಂದೇ ದಿನ ಆರೇಳು ರೂಪಗಳಲ್ಲಿ ಮಾರುಕಟ್ಟೆಗೆ ಬರುತ್ತದೆ. ಸಿಡಿ ಇರುತ್ತದೆ, ಕಪ್ಪು ಎಲ್‌ಪಿಯ ಜೊತೆಗೆ ಬಣ್ಣಬಣ್ಣದ ಎಲ್‌ಪಿಗಳಿರುತ್ತವೆ, 24 ಬಿಟ್ ಡೌನ್‌ಲೋಡ್ ಇರುತ್ತದೆ, ಸ್ಟ್ರೀಮಿಂಗ್‌ನಲ್ಲಿ ಸ್ಟೀರಿಯೊ ಮತ್ತು ಸುತ್ತಲಿನಿಂದ ಧ್ವನಿ ಕೇಳಿಸುವ ಡಾಲ್ಬಿ ಅಟ್ಮಾಸ್ ಎರಡೂ ಸಿಗುತ್ತವೆ, ಕೆಲವೊಮ್ಮೆ ಡಿಲಕ್ಸ್ ಪೆಟ್ಟಿಗೆಯೊಳಗೆ ಬ್ಲೂ-ರೇ ತಟ್ಟೆಯೂ ಇರುತ್ತದೆ. ಇವುಗಳಲ್ಲಿ ಯಾವುದರ ಧ್ವನಿ ಅತ್ಯುತ್ತಮ ಎಂದು ಕೇಳಿದರೆ ಎರಡು ಸಿದ್ಧ ಉತ್ತರಗಳು ಬರುತ್ತವೆ: ಅಂಕಿ ದೊಡ್ಡದಿದ್ದಷ್ಟೂ ಧ್ವನಿ ಉತ್ತಮ ಎನ್ನುವುದು ಒಂದು, ವಿನೈಲ್‌ನ ನಾದವೇ ಬೇರೆ ಎನ್ನುವುದು ಇನ್ನೊಂದು. ಇವನ್ನು ನಂಬಿ ಹಣ ಕೊಟ್ಟವರಲ್ಲಿ ಅನೇಕರು ಹೆಚ್ಚಿನ ಬೆಲೆಗೆ ಅದೇ ಧ್ವನಿಯನ್ನು, ಕೆಲವೊಮ್ಮೆ ಅದಕ್ಕಿಂತ ಕಳಪೆಯಾದದ್ದನ್ನು, ಮನೆಗೆ ತಂದಿರುತ್ತಾರೆ. ರಾಕ್ ಸಂಗೀತದ ಮಟ್ಟಿಗೆ ಧ್ವನಿಯ ಗುಣವನ್ನು ಬಹುಪಾಲು ನಿರ್ಧರಿಸುವುದು ಮಾಸ್ಟರಿಂಗ್. ಫಾರ್ಮ್ಯಾಟ್ ಆ ಮಾಸ್ಟರನ್ನು ಕೇಳುಗನವರೆಗೆ ಹೊತ್ತು ತರುತ್ತದೆ, ಅಷ್ಟೆ. ಹಾಗಾಗಿ ಈ ಬರಹದ ಉದ್ದಕ್ಕೂ ಬೆನ್ನಟ್ಟಬೇಕಾದ ಪ್ರಶ್ನೆ ಒಂದೇ: ಯಾವ ಫಾರ್ಮ್ಯಾಟಿನೊಳಗೆ ಯಾವ ಮಾಸ್ಟರ್ ಇದೆ?

ಮೊದಲು ತಿಳಿದಿರಬೇಕಾದದ್ದು: ಲಿಮಿಟರ್ ಮಾಡುವ ಕೆಲಸ

ಸ್ಟುಡಿಯೊದಲ್ಲಿ ಬೇರೆ ಬೇರೆಯಾಗಿ ದಾಖಲಾದ ಡ್ರಮ್, ಬೇಸ್, ಗಿಟಾರ್ ಮತ್ತು ಗಾಯನವನ್ನು ಹದವಾಗಿ ಬೆರೆಸುವುದು ಮಿಕ್ಸಿಂಗ್. ಹಾಗೆ ಬೆರೆತು ಬಂದ ಸ್ಟೀರಿಯೊ ಹಾಡುಗಳಿಗೆ ಕೊನೆಯ ಸಂಸ್ಕಾರ ಕೊಟ್ಟು, ಒಂದರ ಮಟ್ಟಕ್ಕೆ ಇನ್ನೊಂದನ್ನು ಹೊಂದಿಸಿ, ಸಿಡಿಗೋ ಎಲ್‌ಪಿಗೋ ಸ್ಟ್ರೀಮಿಂಗಿಗೋ ಸಿದ್ಧಪಡಿಸುವುದು ಮಾಸ್ಟರಿಂಗ್; ಹಾಗೆ ಸಿದ್ಧವಾದ ಅಂತಿಮ ಪ್ರತಿಯೇ ಮಾಸ್ಟರ್. ಡಿಜಿಟಲ್ ಧ್ವನಿಗೆ ಮೀರಲಾಗದ ಒಂದು ಗರಿಷ್ಠ ಮಟ್ಟವಿದೆ. ಹಾಡು ಪಕ್ಕದ ಹಾಡಿಗಿಂತ ಗಟ್ಟಿಯಾಗಿ ಕೇಳಿಸಬೇಕೆಂದರೆ ಶಿಖರಗಳನ್ನು ಒತ್ತಿ ತಗ್ಗಿಸಿ, ಹೀಗೆ ಖಾಲಿಯಾದ ಜಾಗಕ್ಕೆ ಉಳಿದೆಲ್ಲವನ್ನೂ ಎತ್ತಬೇಕಾಗುತ್ತದೆ. ಆ ಕೆಲಸ ಮಾಡುವ ಸಾಧನವೇ ಲಿಮಿಟರ್. 1990ರ ದಶಕದ ನಡುವಿನಿಂದ ತಂಡಗಳೂ ಕಂಪನಿಗಳೂ ಈ ಗಟ್ಟಿತನಕ್ಕಾಗಿ ಪೈಪೋಟಿಗೆ ಇಳಿದವು, ಮತ್ತು ಅದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ರಾಕ್ ಮೇಲೆ. ರಾಕ್ ಹಾಡಿನ ಅತಿ ಎತ್ತರದ ಶಿಖರಗಳು ಸಾಮಾನ್ಯವಾಗಿ ಸ್ನೇರ್ ಮತ್ತು ಕಿಕ್ ಡ್ರಮ್‌ನ ಏಟುಗಳೇ ಆಗಿರುವುದರಿಂದ, ಲಿಮಿಟರ್ ಮೊದಲು ಕತ್ತರಿಸುವುದೂ ಅವನ್ನೇ. ಏಟಿನ ಮೊನೆ ಹೋದ ಡ್ರಮ್ ಗಿಟಾರ್‌ಗಳ ಹಿಂದೆ ಸರಿದು ರಟ್ಟಿನ ಪೆಟ್ಟಿಗೆಯ ಸದ್ದಿನಂತಾಗುತ್ತದೆ, ಸಿಂಬಲ್‌ಗಳು ಕರಕರ ಎನ್ನುತ್ತವೆ, ಪಲ್ಲವಿ ಬಂದಾಗ ಏರಬೇಕಾದ ಧ್ವನಿ ಏರುವುದೇ ಇಲ್ಲ.

ಇದಕ್ಕೆ 2008ರ ಎರಡು ಆಲ್ಬಮ್‌ಗಳು ಕಣ್ಣಿಗೆ ಕಟ್ಟುವ ಸಾಕ್ಷ್ಯ ಒದಗಿಸುತ್ತವೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಸಿಡಿಯನ್ನು ಎಷ್ಟು ಒತ್ತಲಾಗಿತ್ತೆಂದರೆ ಬಿರುಕಿದ ಸದ್ದು ಸಾಮಾನ್ಯ ಕೇಳುಗರಿಗೂ ತಿಳಿಯುತ್ತಿತ್ತು. ಅದೇ ಹಾಡುಗಳು 'ಗಿಟಾರ್ ಹೀರೊ' ವಿಡಿಯೊ ಗೇಮ್‌ಗೂ ಬಂದವು. ಆ ಲಿಮಿಟಿಂಗ್ ಇಲ್ಲದ ಗೇಮ್ ಆವೃತ್ತಿಯಲ್ಲಿ ಡ್ರಮ್‌ಗಳು ಉಸಿರಾಡುತ್ತಿದ್ದುದನ್ನು ಅಭಿಮಾನಿಗಳು ಗುರುತಿಸಿದರು. ಆಟದ ಜೊತೆ ಬಂದ ಧ್ವನಿ ಸಿಡಿಗಿಂತ ಹಿತವಾಗಿತ್ತೆಂಬುದು ಫಾರ್ಮ್ಯಾಟಿನ ಅಂಕಿಗಳಿಂದ ಎಂದೂ ಊಹಿಸಲಾಗದ ಸಂಗತಿ. ಮಿಕ್ಸ್‌ಗಳು ತಮ್ಮ ಕೈಗೆ ಬರುವ ಮೊದಲೇ ಗೋಡೆಗೆ ಒತ್ತಲ್ಪಟ್ಟಿದ್ದವು ಎಂದು ಮಾಸ್ಟರಿಂಗ್ ಎಂಜಿನಿಯರ್ ಟೆಡ್ ಜೆನ್ಸನ್ ಬಳಿಕ ಹೇಳಿದರು. ಅದೇ ವರ್ಷಾಂತ್ಯದಲ್ಲಿ ಬಂದ ಗನ್ಸ್ ಎನ್ ರೋಸಸ್ ತಂಡದ 'ಚೈನೀಸ್ ಡೆಮಾಕ್ರಸಿ' ಅದೇ ಸಿಡಿ ಫಾರ್ಮ್ಯಾಟಿನಲ್ಲಿ ಆ ಕಾಲದ ಇತರ ರಾಕ್ ಸಿಡಿಗಳಿಗಿಂತ ಹೆಚ್ಚು ಏರಿಳಿತ ಉಳಿಸಿಕೊಂಡಿತ್ತು. ಅದನ್ನು ಮಾಸ್ಟರ್ ಮಾಡಿದ ಬಾಬ್ ಲಡ್ವಿಗ್ ಗಟ್ಟಿತನ ಬೇರೆ ಬೇರೆಯಾಗಿದ್ದ ಮಾದರಿಗಳನ್ನು ಮುಂದಿಟ್ಟಾಗ, ತಂಡದ ಕಡೆಯವರು ಅತಿ ಹೆಚ್ಚು ಡೈನಾಮಿಕ್ಸ್ (ಏರಿಳಿತ) ಇದ್ದದ್ದನ್ನೇ ಆರಿಸಿದರು. ತಟ್ಟೆ ಒಂದೇ, ಬಿಟ್‌ಗಳ ಸಂಖ್ಯೆ ಒಂದೇ, ಧ್ವನಿ ಮಾತ್ರ ಅಜಗಜಾಂತರ.

ಹಂತ 1: ನಿಮ್ಮ ಕೇಳುವ ವ್ಯವಸ್ಥೆಯನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಿ

ಫೋನಿನಿಂದ ಬ್ಲೂಟೂತ್ ಹೆಡ್‌ಫೋನಿಗೆ ಧ್ವನಿ ಹೋಗುವಾಗ ಬಹುಪಾಲು ಸಂದರ್ಭಗಳಲ್ಲಿ ಅದು ಮತ್ತೊಮ್ಮೆ ನಷ್ಟಸಹಿತವಾಗಿ ಸಂಕುಚಿತಗೊಳ್ಳುತ್ತದೆ. ಉತ್ತಮ ಗುಣಮಟ್ಟದ ಎಲ್‌ಡಿಎಸಿ ಕೋಡೆಕ್ (ಧ್ವನಿಯನ್ನು ಸಂಕುಚಿಸಿ ಕಳಿಸುವ ವಿಧಾನ) ಕೂಡ ಸೆಕೆಂಡಿಗೆ ಗರಿಷ್ಠ 990 ಕಿಲೋಬಿಟ್‌ಗೆ ನಿಲ್ಲುತ್ತದೆ. ಹೀಗೆ ಕೇಳುವವರು 24 ಬಿಟ್, 192 ಕಿಲೋಹರ್ಟ್ಜ್ ಡೌನ್‌ಲೋಡಿಗೆ ಹೆಚ್ಚುವರಿ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಟರ್ನ್‌ಟೇಬಲ್ ಇದ್ದರೆ ಸೂಜಿಯ ಸ್ಥಿತಿ, ಅದನ್ನು ಹಿಡಿದಿರುವ ಕಾರ್ಟ್ರಿಜ್‌ನ ಜೋಡಣೆ ಮತ್ತು ತೂಕದ ಹೊಂದಾಣಿಕೆ ಸರಿಯಿದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಇವು ತಪ್ಪಿದ್ದರೆ ಜಗತ್ತಿನ ಅತ್ಯುತ್ತಮ ಪ್ರೆಸಿಂಗ್ (ಎಲ್‌ಪಿಯ ಮುದ್ರಣ) ಕೂಡ ಸಾಧಾರಣ ಎಂಪಿ3ಗಿಂತ ಕೆಟ್ಟದಾಗಿ ಕೇಳಿಸಬಹುದು.

ಹಂತ 2: ಯಾವ ಆವೃತ್ತಿಗೆ ಯಾರು ಮಾಸ್ಟರಿಂಗ್ ಮಾಡಿದ್ದಾರೆಂದು ಹುಡುಕಿ

ಆಲ್ಬಮಿನ ಕ್ರೆಡಿಟ್ ಪಟ್ಟಿಯಲ್ಲಿ ಮಾಸ್ಟರಿಂಗ್ ಮಾಡಿದವರ ಹೆಸರು ಸಾಮಾನ್ಯವಾಗಿ ಇರುತ್ತದೆ. ಅದರ ಜೊತೆಗೆ ವಿನೈಲ್‌ಗಾಗಿ ಪ್ರತ್ಯೇಕ ಮಾಸ್ಟರಿಂಗ್ ಅಥವಾ ಲ್ಯಾಕರ್ ಕಟಿಂಗ್ (ಎಲ್‌ಪಿಯ ಮೂಲ ತಟ್ಟೆಯಲ್ಲಿ ತೋಡು ಕೆತ್ತುವ ಕೆಲಸ) ಮಾಡಿದವರ ಹೆಸರು ಬೇರೆಯಾಗಿ ಕಾಣಿಸಿದರೆ ಅದು ಒಳ್ಳೆಯ ಸೂಚನೆ. ಖಚಿತ ಭರವಸೆಯೇನಲ್ಲ; ಕಟಿಂಗ್ ಎಂಜಿನಿಯರ್‌ಗೆ ಸಿಡಿಗೆ ಕೊಟ್ಟ ಫೈಲನ್ನೇ ಕೊಟ್ಟಿರಲೂಬಹುದು, ಲಿಮಿಟರ್ ಮುಟ್ಟದ ಮಿಕ್ಸ್ ಕೊಟ್ಟಿರಲೂಬಹುದು. ತಂಡ ಅಥವಾ ಎಂಜಿನಿಯರ್ ಸಂದರ್ಶನಗಳಲ್ಲಿ ಈ ಬಗ್ಗೆ ಮಾತಾಡಿದ್ದರೆ ಅದನ್ನು ಓದುವುದು ಅಂಗಡಿಯ ವಿವರಣೆ ಓದುವುದಕ್ಕಿಂತ ಉಪಯುಕ್ತ.

ಎಲ್‌ಪಿ ಕೈಗೆ ಸಿಕ್ಕರೆ, ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಇರುವ ನುಣುಪಾದ ಉಂಗುರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಲ್ಲಿ ಕೆರೆದ ಅಥವಾ ಅಚ್ಚೊತ್ತಿದ ಸಂಖ್ಯೆಗಳ ನಡುವೆ ಕಟಿಂಗ್ ಮಾಡಿದವರ ಇನಿಶಿಯಲ್ಸ್ ಅಥವಾ ಸ್ಟುಡಿಯೊದ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಈ ಪುಟ್ಟ ಗೀಚಿಗೆ ಎಷ್ಟು ಬೆಲೆ ಎಂಬುದು ಲೆಡ್ ಜೆಪ್ಲಿನ್ ತಂಡದ 1969ರ ಎರಡನೆಯ ಆಲ್ಬಮ್ ಸಂಗ್ರಹಿಸುವವರಿಗೆ ಗೊತ್ತು. ಅದರ ಮೊದಲ ಕಟಿಂಗ್ ಮಾಡಿದ್ದು ಆಗಿನ್ನೂ ಯುವಕರಾಗಿದ್ದ ಇದೇ ಲಡ್ವಿಗ್. ಆ ಕಟ್ ಎಷ್ಟು ಗಟ್ಟಿಯಾಗಿತ್ತೆಂದರೆ ಅಗ್ಗದ ಪ್ಲೇಯರುಗಳಲ್ಲಿ ಸೂಜಿ ಹಾರುತ್ತಿತ್ತೆಂಬ ಕಾರಣಕ್ಕೆ ಅದನ್ನು ಕೈಬಿಟ್ಟು ಮತ್ತೆ ಕಟ್ ಮಾಡಿಸಲಾಯಿತು. ಇಂದು ಅವರ ಇನಿಶಿಯಲ್ಸ್ ಇರುವ ಪ್ರತಿಗಳನ್ನೇ ಜನ ಹುಡುಕುತ್ತಾರೆ. ಅಂದರೆ ಒಂದೇ ಫಾರ್ಮ್ಯಾಟಿನೊಳಗೂ ಎರಡು ಧ್ವನಿಗಳಿರುವುದು ಡಿಜಿಟಲ್ ಯುಗದ ಹೊಸ ಸಮಸ್ಯೆಯೇನಲ್ಲ.

ಹೊದಿಕೆಯ ಮೇಲಿನ ಸ್ಟಿಕ್ಕರ್‌ಗಳನ್ನು ಮಾತ್ರ ಎಚ್ಚರಿಕೆಯಿಂದ ಓದಿ. ಇಂದಿನ ರಾಕ್ ಆಲ್ಬಮ್‌ಗಳಲ್ಲಿ ಬಹುಪಾಲು ಕಂಪ್ಯೂಟರಿನಲ್ಲೇ ದಾಖಲಾಗಿ ಅಲ್ಲೇ ಮಿಕ್ಸ್ ಆಗಿರುವುದರಿಂದ, ಅನಲಾಗ್ (ಎಲ್ಲೂ ಡಿಜಿಟಲ್ ಹಂತವಿಲ್ಲದ್ದು) ಎಂಬ ಪದಕ್ಕೆ ಹೊಸ ಆಲ್ಬಮಿನಲ್ಲಿ ಹೆಚ್ಚಿನ ಅರ್ಥವಿಲ್ಲ. ಮರುಮುದ್ರಣಗಳಲ್ಲೂ ಆ ಪದವನ್ನು ಕಿವಿ ಗುರುತಿಸಬಲ್ಲದೇ ಎಂಬ ಪ್ರಶ್ನೆಗೆ 2022ರಲ್ಲಿ ಒಂದು ಅನಿರೀಕ್ಷಿತ ಉತ್ತರ ಸಿಕ್ಕಿತು. ಮೊಬೈಲ್ ಫಿಡೆಲಿಟಿ ಸಂಸ್ಥೆಯ ದುಬಾರಿ ಎಲ್‌ಪಿಗಳನ್ನು ಪೂರ್ಣ ಅನಲಾಗ್ ಎಂದೇ ನಂಬಲಾಗಿತ್ತು. ಅವುಗಳಲ್ಲಿ ಅನೇಕವನ್ನು ಡಿಎಸ್‌ಡಿ ಡಿಜಿಟಲ್ ಫೈಲ್‌ನಿಂದ ಕಟ್ ಮಾಡಲಾಗಿತ್ತೆಂಬುದು ಆ ವರ್ಷ ಬಯಲಾಯಿತು, ಪ್ರಕರಣ ನ್ಯಾಯಾಲಯದವರೆಗೂ ಹೋಯಿತು. ಅಷ್ಟು ವರ್ಷ ಆ ತಟ್ಟೆಗಳನ್ನು ಮೆಚ್ಚಿ ಕೇಳಿದ ನುರಿತ ಕಿವಿಗಳಿಗೆ ಡಿಜಿಟಲ್ ಹಂತದ ಸುಳಿವು ಸಿಕ್ಕಿರಲಿಲ್ಲ. ನನ್ನ ಮಟ್ಟಿಗೆ ಇದು ಸಂಸ್ಥೆಯ ಮೇಲಿನ ದೂರಿಗಿಂತ ಡಿಜಿಟಲ್ ಬಗೆಗಿನ ಪೂರ್ವಗ್ರಹಕ್ಕೆ ಬಿದ್ದ ಪೆಟ್ಟಾಗಿ ಹೆಚ್ಚು ಮುಖ್ಯ.

ಹಂತ 3: ಕೊಳ್ಳುವ ಮೊದಲು ಸ್ಟ್ರೀಮಿಂಗ್‌ನಲ್ಲಿ ಕೇಳಿ, ಆದರೆ ಸೆಟ್ಟಿಂಗ್ ನೋಡಿಕೊಂಡು ಕೇಳಿ

ಸ್ಟ್ರೀಮಿಂಗ್ ಸೇವೆಗಳು ಹಾಡುಗಳ ಗಟ್ಟಿತನವನ್ನು ಒಂದು ಮಟ್ಟಕ್ಕೆ ತಂದು ಕೇಳಿಸುತ್ತವೆ. ಎಲ್‌ಯುಎಫ್‌ಎಸ್ ಎಂಬ ಅಳತೆಯಲ್ಲಿ (ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ) ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ಕ್ಕೆ, ಆಪಲ್ ಮ್ಯೂಸಿಕ್ ಮೈನಸ್ 16ಕ್ಕೆ ಹೊಂದಿಸುತ್ತದೆ. ಮೈನಸ್ 7ಕ್ಕೆ ಮಾಸ್ಟರ್ ಮಾಡಿದ ಆಲ್ಬಮನ್ನು ಸ್ಪಾಟಿಫೈ 7 ಡೆಸಿಬೆಲ್ ಕೆಳಗಿಳಿಸುತ್ತದೆ. ಗಟ್ಟಿತನದ ಲಾಭ ಹೋಗುತ್ತದೆ, ಕತ್ತರಿಸಿದ ಶಿಖರಗಳು ಮಾತ್ರ ಹಿಂದಕ್ಕೆ ಬರುವುದಿಲ್ಲ. ಈ ಸೌಲಭ್ಯವನ್ನು ಚಾಲೂ ಇಟ್ಟು, ನಿಮಗೆ ಚೆನ್ನಾಗಿ ಪರಿಚಯವಿರುವ ಹಾಗೂ ಧ್ವನಿಗೆ ಹೆಸರಾದ ಹಳೆಯ ರಾಕ್ ಆಲ್ಬಮೊಂದನ್ನು ಹೊಸದರ ಪಕ್ಕದಲ್ಲಿ ಕೇಳಿ. ಸಮಾನ ಮಟ್ಟದಲ್ಲಿ ಹೊಸದು ಚಪ್ಪಟೆಯಾಗಿ, ಮುದುಡಿದಂತೆ ಕೇಳಿಸಿದರೆ ಡಿಜಿಟಲ್ ಮಾಸ್ಟರ್ ಒತ್ತಲ್ಪಟ್ಟಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಆಗ ಮಾತ್ರ ಬೇರೆ ಫಾರ್ಮ್ಯಾಟುಗಳ ಹುಡುಕಾಟಕ್ಕೆ ಅರ್ಥವಿದೆ. ಡಿಜಿಟಲ್ ಮಾಸ್ಟರೇ ಚೆನ್ನಾಗಿದ್ದರೆ ಮುಂದಿನ ಬಹುಪಾಲು ಹಂತಗಳನ್ನು ಬಿಟ್ಟು ಸಿಡಿ ಅಥವಾ ನಷ್ಟರಹಿತ ಡೌನ್‌ಲೋಡ್ ಕೊಂಡು ನೆಮ್ಮದಿಯಾಗಿರಬಹುದು.

ಕಲಾವಿದರು ತಮ್ಮ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಕೊಳ್ಳುವ ಮೊದಲು ಕೇಳಲು ಸಿಗುವುದು 128 ಕಿಲೋಬಿಟ್ ಎಂಪಿ3 ಎಂಬುದನ್ನು ನೆನಪಿಡಿ. ಕೊಂಡ ಮೇಲೆ ನಷ್ಟರಹಿತವಾದ ಫ್ಲ್ಯಾಕ್ ಫೈಲ್ ಸಿಗುತ್ತದೆ. ಕೊಳ್ಳುವ ಮುನ್ನ ಡ್ರಮ್‌ನ ಏರಿಳಿತವನ್ನು ಅಲ್ಲಿ ಅಳೆಯಬಹುದು, ಸಿಂಬಲ್‌ನ ನಯವನ್ನು ಅಳೆಯಲಾಗದು.

ಹಂತ 4: ಒಂದು ಹಾಡು ಕೊಂಡು ಒಳಗೆ ಇಣುಕಿ

ಡೌನ್‌ಲೋಡ್ ಮಾರುವ ಅನೇಕ ಮಳಿಗೆಗಳು ಬಿಡಿ ಹಾಡುಗಳನ್ನೂ ಮಾರುತ್ತವೆ. ಆಲ್ಬಮಿನ ಅತಿ ಗದ್ದಲದ ಹಾಡೊಂದನ್ನು ಕೊಂಡು ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಮೊದಲು ಇಡೀ ಹಾಡನ್ನು ಒಂದೇ ನೋಟದಲ್ಲಿ ನೋಡಿ. ಆರೋಗ್ಯವಂತ ಮಾಸ್ಟರಿನಲ್ಲಿ ಅಲೆರೂಪದ ದಪ್ಪನೆಯ ಒಡಲಿನಿಂದ ಡ್ರಮ್ ಏಟುಗಳು ಮುಳ್ಳಿನ ಹಾಗೆ ಮೇಲೆ ಕೆಳಗೆ ಚಾಚಿರುತ್ತವೆ, ಚರಣ ತೆಳುವಾಗಿ ಪಲ್ಲವಿ ದಪ್ಪವಾಗಿ ಕಾಣುತ್ತದೆ. ಒತ್ತಿದ ಮಾಸ್ಟರಿನಲ್ಲಿ ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪದ ಪಟ್ಟಿ ಇರುತ್ತದೆ, ಅದರ ಅಂಚುಗಳು ಅಳತೆಗೋಲಿಟ್ಟು ಕತ್ತರಿಸಿದಷ್ಟು ನೇರ. ಈಗ ಒಂದು ಸ್ನೇರ್ ಏಟನ್ನು ಹುಡುಕಿ, ಬಿಡಿ ಬಿಡಿ ಸ್ಯಾಂಪಲ್‌ಗಳು (ಕ್ಷಣಕ್ಷಣದ ಧ್ವನಿಯ ಅಳತೆಗಳು) ಚುಕ್ಕೆಗಳಾಗಿ ಕಾಣುವಷ್ಟು ಹಿಗ್ಗಿಸಿ. ಶಿಖರದಲ್ಲಿ ಒಂದೇ ಚುಕ್ಕೆಯಿದ್ದು ಎರಡೂ ಬದಿಗೆ ಇಳಿಜಾರಿದ್ದರೆ ಸರಿ. ಐದು, ಹತ್ತು ಚುಕ್ಕೆಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿದ್ದರೆ ಅದು ಕ್ಲಿಪಿಂಗ್. ಕರಕರ ಸದ್ದು ಹುಟ್ಟುವುದು ಆ ಸಮತಟ್ಟಿನಲ್ಲೇ. ಧ್ವನಿಯ ಮಟ್ಟವನ್ನು ಎಷ್ಟೇ ತಗ್ಗಿಸಿದರೂ ಅದು ಸಮತಟ್ಟಾಗಿಯೇ ಇರುತ್ತದೆ.

ಇದನ್ನೇ ಅಂಕಿಯಲ್ಲಿ ಹೇಳುವ ಪ್ರಯತ್ನ ಡಿಆರ್ (ಡೈನಾಮಿಕ್ ರೇಂಜ್) ಮೌಲ್ಯ. ಹಾಡಿನ ಅತಿ ಗಟ್ಟಿಯಾದ ಶೇ. 20 ಭಾಗದ ಸರಾಸರಿ ಮಟ್ಟಕ್ಕೂ ಶಿಖರಕ್ಕೂ ಇರುವ ಅಂತರವನ್ನು ಅದು ಡೆಸಿಬೆಲ್‌ಗಳಲ್ಲಿ ಕೊಡುತ್ತದೆ. ಫೂಬಾರ್2000 ಪ್ಲೇಯರಿಗೆ ಇದರ ಪ್ಲಗ್‌ಇನ್ ಇದೆ, ಕೇಳುಗರು ಅಳೆದು ಸೇರಿಸಿದ ಮೌಲ್ಯಗಳ ಸಾರ್ವಜನಿಕ ದತ್ತಾಂಶಪಟ್ಟಿಯೂ ಇದೆ. ರಾಕ್ ಆಲ್ಬಮ್ 5 ಅಥವಾ 6 ತೋರಿಸಿದರೆ ಬಲವಾಗಿ ಒತ್ತಿದ್ದಾರೆಂದು ಅರ್ಥ; 8ರಿಂದ 10ರವರೆಗಿದ್ದರೆ ಇಂದಿನ ಕಾಲಕ್ಕೆ ಸಭ್ಯ; 12 ದಾಟಿದರೆ ಅಪರೂಪದ ಔದಾರ್ಯ. ಆದರೂ ಈ ಅಂಕಿಯನ್ನು ಅಂತಿಮ ತೀರ್ಪೆಂದು ತಿಳಿಯಬಾರದು. ಮಿಕ್ಸಿಂಗ್‌ನಲ್ಲೇ ಉದ್ದೇಶಪೂರ್ವಕವಾಗಿ ದಟ್ಟವಾಗಿಸಿದ ಭಾರದ ಗಿಟಾರ್ ಸಂಗೀತ 7ರಲ್ಲೂ ಸೊಗಸಾಗಿ ಕೇಳಿಸಬಹುದು, ಕೆಟ್ಟ ಮಿಕ್ಸ್ 13ರಲ್ಲೂ ಕೆಟ್ಟದಾಗಿಯೇ ಇರುತ್ತದೆ.

ಇಲ್ಲೊಂದು ಬಲೆಯಿದೆ, ವಿನೈಲ್ ಪ್ರಿಯರು ಪದೇ ಪದೇ ಬೀಳುವುದು ಇದರಲ್ಲೇ. ಅದೇ ಆಲ್ಬಮಿನ ಸಿಡಿ 6 ತೋರಿಸಿ ಎಲ್‌ಪಿಯ ಡಿಜಿಟಲ್ ಪ್ರತಿ 10 ತೋರಿಸಿದಾಗ, ಎಲ್‌ಪಿಗೆ ಬೇರೆ ಮಾಸ್ಟರ್ ಬಳಸಿದ್ದಾರೆಂದು ಸಂಭ್ರಮಿಸುವುದು ಸಹಜ. ಆದರೆ ಒಂದೇ ಫೈಲನ್ನು ಎಲ್‌ಪಿಗೆ ಕಟ್ ಮಾಡಿ, ಸೂಜಿಯಿಂದ ಓದಿಸಿ ಮತ್ತೆ ದಾಖಲಿಸಿದರೂ ಡಿಆರ್ ಮೂರು ನಾಲ್ಕು ಅಂಕ ಏರುವುದುಂಟು. ಕಟಿಂಗ್ ಮತ್ತು ಪ್ಲೇಬ್ಯಾಕ್‌ನ ಫಿಲ್ಟರ್‌ಗಳು ಹಾಗೂ ಫೇಸ್ ಪಲ್ಲಟಗಳು (ಅಲೆಗಳ ಜಾಗ ಕೊಂಚ ಹಿಂದುಮುಂದಾಗುವುದು) ಸಮತಟ್ಟಾದ ಶಿಖರಗಳನ್ನು ಓರೆಯಾಗಿಸಿ ಎತ್ತರಿಸುತ್ತವೆ. ಅಳತೆ ಬದಲಾಗುತ್ತದೆ, ಕಳೆದುಹೋದ ಡ್ರಮ್ ಏಟು ಮರಳುವುದಿಲ್ಲ. ಮಾಸ್ಟರಿಂಗ್ ಎಂಜಿನಿಯರ್ ಇಯಾನ್ ಶೆಫರ್ಡ್ ಇದನ್ನು ಹೋಲಿಕೆಯ ಮೂಲಕ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಎಲ್‌ಪಿಯ ಡಿಆರ್ ಅಂಕಿಯನ್ನು ಸಿಡಿಯ ಅಂಕಿಯ ಪಕ್ಕದಲ್ಲಿಟ್ಟು ಎಂದೂ ಹೋಲಿಸಬೇಡಿ. ಎರಡರಲ್ಲೂ ಅದೇ ಪಲ್ಲವಿಯನ್ನು ಕೇಳಿ ಹೋಲಿಸಿ.

ಹಂತ 5: ವಿನೈಲ್ ಆರಿಸುವ ಮೊದಲು ಬದಿಗಳ ಅವಧಿ ಲೆಕ್ಕ ಹಾಕಿ

ವಿನೈಲ್ ಬಗ್ಗೆ ನನಗೆ ದ್ವೇಷವೇನೂ ಇಲ್ಲ, ಆದರೆ ಅದು ಭೌತಶಾಸ್ತ್ರದ ಮಿತಿಗಳಿಗೆ ಬದ್ಧವಾದ ಮಾಧ್ಯಮ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ತೋಡು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸಾಗುತ್ತದೆ. ಒಳಗಿನ ಕೊನೆಯ ತೋಡಿಗೆ ಬರುವಷ್ಟರಲ್ಲಿ ಈ ವೇಗ 21 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಂದರೆ ಅದೇ ಸಿಂಬಲ್ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೆತ್ತಬೇಕು. ಬದಿಯ ಕೊನೆಯ ಹಾಡಿನಲ್ಲಿ ತಾರಸ್ಥಾಯಿ ಮಂಕಾಗಿ, ಗಾಯಕರ 'ಸ' ಮತ್ತು 'ಶ' ಅಕ್ಷರಗಳು ಸಿಡಿಯುವುದು ಇದರಿಂದಲೇ. ಆಲ್ಬಮಿನ ಅತಿ ಆರ್ಭಟದ ಹಾಡು ಬದಿಯ ಕೊನೆಗೆ ಬಂದಿದೆಯೇ ಎಂದು ಹಾಡುಪಟ್ಟಿಯಲ್ಲಿ ನೋಡಿ. ಮೃದುವಾದ ಹಾಡಿನಿಂದ ಬದಿ ಮುಗಿಯುವ ಆಲ್ಬಮ್‌ಗಳು ಎಲ್‌ಪಿಯಲ್ಲಿ ಚೆನ್ನಾಗಿ ಬದುಕುತ್ತವೆ.

ಇನ್ನು ಅವಧಿ. ತೋಡು ಅಗಲವಾಗಿ ತೂಗಾಡಿದಷ್ಟೂ ಧ್ವನಿ ಗಟ್ಟಿ, ಮಂದ್ರ ಆಳ. ಆದರೆ ಅಗಲ ತೋಡಿಗೆ ಹೆಚ್ಚು ಜಾಗ ಬೇಕು. ಒಂದು ಬದಿಗೆ 18ರಿಂದ 20 ನಿಮಿಷ ಇದ್ದರೆ ಎಂಜಿನಿಯರ್‌ಗೆ ಸಾಕಷ್ಟು ಸ್ವಾತಂತ್ರ್ಯವಿರುತ್ತದೆ. 25 ನಿಮಿಷ ತುಂಬಿದರೆ ಮಟ್ಟವನ್ನು ಇಳಿಸಲೇಬೇಕು, ಬೇಸ್ ಕತ್ತರಿಸಲೇಬೇಕು, ಆಗ ತಟ್ಟೆಯ ಮೇಲ್ಮೈ ಸದ್ದು ಸಂಗೀತದ ಹತ್ತಿರಕ್ಕೆ ಬರುತ್ತದೆ. ಐವತ್ತು ನಿಮಿಷದ ಆಲ್ಬಮನ್ನು ಒಂದೇ ತಟ್ಟೆಗೆ ತುರುಕಿದ್ದರೆ ನಾನು ಕೊಳ್ಳುವುದಿಲ್ಲ. ಎರಡು ತಟ್ಟೆಗೆ ಹಂಚಿದ್ದರೆ ಯೋಚಿಸುತ್ತೇನೆ. ಎರಡು ತಟ್ಟೆಗೆ 45 ಸುತ್ತಿನ ವೇಗದಲ್ಲಿ ಕಟ್ ಮಾಡಿದ್ದರೆ ಆಸಕ್ತಿಯಿಂದ ನೋಡುತ್ತೇನೆ, ಏಕೆಂದರೆ ಆ ವೇಗದಲ್ಲಿ ಒಳ ತೋಡಿಗೂ ಸೆಕೆಂಡಿಗೆ 28 ಸೆಂಟಿಮೀಟರ್ ಸಿಗುತ್ತದೆ.

ತೂಕದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 180 ಗ್ರಾಂನ ತಟ್ಟೆ ಕೈಗೆ ಹಿತ, ಆದರೆ ತೋಡಿನಲ್ಲಿ ಇಲ್ಲದ ಧ್ವನಿಯನ್ನು ದಪ್ಪ ತಂದುಕೊಡುವುದಿಲ್ಲ. ಬಣ್ಣದ ವಿನೈಲ್‌ನಲ್ಲಿ ಒಳ್ಳೆಯದೂ ಇದೆ, ಗಲಾಟೆಯದೂ ಇದೆ. ಅದು ಕಾರ್ಖಾನೆಯ ಶಿಸ್ತನ್ನು ಅವಲಂಬಿಸಿದೆ. ಚಿತ್ರವಿರುವ ಪಿಕ್ಚರ್ ಡಿಸ್ಕನ್ನು ಮಾತ್ರ ಗೋಡೆಗೆ ತೂಗುಹಾಕಲು ಕೊಳ್ಳಿ, ಕೇಳಲು ಅಲ್ಲ: ಚಿತ್ರದ ಮೇಲಿನ ತೆಳು ಪದರದಲ್ಲಿ ತೋಡುಗಳಿರುವುದರಿಂದ ಅದರ ಮೇಲ್ಮೈ ಸದ್ದು ಸಾಮಾನ್ಯವಾಗಿ ಹೆಚ್ಚು.

ಇಷ್ಟೆಲ್ಲ ಮಿತಿಗಳಿದ್ದೂ ವಿನೈಲ್ ಗೆಲ್ಲುವ ಒಂದು ಸಂದರ್ಭವಿದೆ. ಡಿಜಿಟಲ್ ಆವೃತ್ತಿಯನ್ನು ಜಜ್ಜಿಹಾಕಿ, ಎಲ್‌ಪಿಗೆ ಮಾತ್ರ ಲಿಮಿಟಿಂಗ್ ಕಡಿಮೆಯಿರುವ ಪ್ರತ್ಯೇಕ ಮಾಸ್ಟರ್ ಕೊಟ್ಟಿದ್ದಾರೆಂದು ಖಚಿತವಾದರೆ, ಅದು ಮಾಧ್ಯಮದ ಎಲ್ಲ ಕೊರತೆಗಳನ್ನೂ ಮೀರಿ ಹೆಚ್ಚು ಜೀವಂತವಾಗಿ ಕೇಳಿಸಬಲ್ಲದು.

ಹಂತ 6: ಸಿಡಿಯೇ, ಹೈ-ರೆಸ್ ಡೌನ್‌ಲೋಡೇ?

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಜ್ ಅಳತೆಯನ್ನು ಹಳತೆಂದು ತಳ್ಳಿಹಾಕುವುದು ಈಗ ರೂಢಿ. ಅದು ಸುಮಾರು 96 ಡೆಸಿಬೆಲ್ ವ್ಯಾಪ್ತಿಯನ್ನೂ, ಮನುಷ್ಯನ ಕಿವಿಯ ಮಿತಿಯಾದ 20 ಕಿಲೋಹರ್ಟ್ಜ್ ದಾಟಿದ ಆವರ್ತನವನ್ನೂ ಹಿಡಿದಿಡುತ್ತದೆ. ಅತಿ ಸೂಕ್ಷ್ಮ ರಾಕ್ ಆಲ್ಬಮ್ ಕೂಡ ಆ 96ರಲ್ಲಿ ಒಂದು ಭಾಗವನ್ನಷ್ಟೇ ಬಳಸುತ್ತದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಹೈ-ರೆಸ್ (ಸಿಡಿಗಿಂತ ದೊಡ್ಡ ಅಂಕಿಗಳ) ತಟ್ಟೆಗಳ ಧ್ವನಿಯನ್ನು ನೇರವಾಗಿ ಒಮ್ಮೆ, ಸಿಡಿ ಗುಣಮಟ್ಟಕ್ಕೆ ಇಳಿಸಿ ಇನ್ನೊಮ್ಮೆ ಕೇಳಿಸಿದ ಪ್ರಯೋಗದ ವರದಿ ಪ್ರಕಟಿಸಿದರು. 554 ಸಲದ ಪರೀಕ್ಷೆಯಲ್ಲಿ ಸರಿಯುತ್ತರಗಳು ನಾಣ್ಯ ಚಿಮ್ಮಿದಷ್ಟೇ, ಅರ್ಧಕ್ಕೆ ಕೊಂಚ ಕಡಿಮೆ. 2016ರಲ್ಲಿ ಜೋಶುವಾ ರೀಸ್ ಹಲವು ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ ಸರಿಯುತ್ತರಗಳ ಪ್ರಮಾಣ ಶೇ. 52ರ ಆಸುಪಾಸಿನಲ್ಲಿತ್ತು, ತರಬೇತಿ ಪಡೆದ ಕೇಳುಗರಲ್ಲಿ ಅದಕ್ಕಿಂತ ಹೆಚ್ಚು. ವ್ಯತ್ಯಾಸ ಇದ್ದರೂ ಅದು ಕೂದಲೆಳೆಯಷ್ಟು. ಲಿಮಿಟರ್ ತರುವ ವ್ಯತ್ಯಾಸದ ಮುಂದೆ ಅದನ್ನು ಲೆಕ್ಕಕ್ಕೆ ಹಿಡಿಯುವ ಅಗತ್ಯವಿಲ್ಲ.

ಹಾಗಾದರೆ ಹೈ-ರೆಸ್ ಯಾವಾಗ ಕೊಳ್ಳಬೇಕು? ಅದರಲ್ಲಿ ಬೇರೆ ಮಾಸ್ಟರ್ ಇದ್ದಾಗ. ಹೊಸ ರಾಕ್ ಆಲ್ಬಮ್‌ಗಳ ವಿಷಯದಲ್ಲಿ 24 ಬಿಟ್ ಫೈಲೂ ಸಿಡಿಯೂ ಸಾಮಾನ್ಯವಾಗಿ ಒಂದೇ ಮಾಸ್ಟರಿನಿಂದ ಹುಟ್ಟಿರುತ್ತವೆ. ಜಜ್ಜಿದ ಶಿಖರವನ್ನು 24 ಬಿಟ್‌ನಲ್ಲಿ ಇನ್ನಷ್ಟು ನಿಖರವಾಗಿ ದಾಖಲಿಸುವುದರಿಂದ ಯಾರಿಗೂ ಉಪಯೋಗವಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ: 44.1 ಅಥವಾ 48 ಕಿಲೋಹರ್ಟ್ಜ್‌ನಲ್ಲಿ ದಾಖಲಾದ ಆಲ್ಬಮನ್ನು 96ಕ್ಕೆ ಹಿಗ್ಗಿಸಿ ಮಾರಿದರೆ ಹೊಸದಾಗಿ ಏನೂ ಸೇರುವುದಿಲ್ಲ. ಸ್ಪೆಕ್‌ನಂಥ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ ತೆರೆದಾಗ 22 ಅಥವಾ 24 ಕಿಲೋಹರ್ಟ್ಜ್ ಬಳಿ ಗೆರೆ ಕೊರೆದಂತೆ ಎಲ್ಲವೂ ನಿಂತು ಅದರ ಮೇಲೆ ಕಪ್ಪು ಮಾತ್ರ ಉಳಿದಿದ್ದರೆ, ಅದು ಹಿಗ್ಗಿಸಿದ ಫೈಲೇ ಇರಬೇಕು. ಇದೇ ಪರೀಕ್ಷೆ ಎಂಪಿ3ಯಿಂದ ತಯಾರಿಸಿದ ನಕಲಿ ಫ್ಲ್ಯಾಕ್‌ಗಳನ್ನೂ ಹಿಡಿಯುತ್ತದೆ. 128 ಕಿಲೋಬಿಟ್‌ನ ಎಂಪಿ3 ಸಾಮಾನ್ಯವಾಗಿ 16 ಕಿಲೋಹರ್ಟ್ಜ್ ಬಳಿಯೇ ನಿಲ್ಲುತ್ತದೆ.

ಜಪಾನಿನ ಎಸ್‌ಎಚ್‌ಎಂ-ಸಿಡಿಗಳು ಉತ್ತಮ ಪ್ಲಾಸ್ಟಿಕ್‌ನಲ್ಲಿ ಮಾಡಿದ ಸಾಮಾನ್ಯ ಸಿಡಿಗಳೇ. ಮಾಸ್ಟರ್ ಒಂದೇ ಆಗಿದ್ದರೆ ಬಿಟ್‌ಗಳೂ ಒಂದೇ. ಹೆಚ್ಚುವರಿ ಹಾಡಿಗಾಗಿ ಕೊಳ್ಳಿ, ಧ್ವನಿಗಾಗಿ ಬೇಡ. ಕ್ಯಾಸೆಟ್ ಬಗ್ಗೆ ಧ್ವನಿಯ ದೃಷ್ಟಿಯಿಂದ ಹೇಳಲು ಏನೂ ಇಲ್ಲ.

ಹಂತ 7: ಅಟ್ಮಾಸ್ ಮತ್ತು ಬ್ಲೂ-ರೇಯನ್ನು ಮರೆಯಬೇಡಿ

ಹಲವರು ಇದನ್ನು ಹೋಮ್ ಥಿಯೇಟರ್ ಇರುವವರ ವಿಷಯವೆಂದು ಬದಿಗಿಡುತ್ತಾರೆ, ಆದರೆ ಗಮನಿಸಬೇಕಾದ ಕಾರಣವೊಂದಿದೆ. ಡಾಲ್ಬಿ ಅಟ್ಮಾಸ್ ಸಂಗೀತಕ್ಕೆ ಮೈನಸ್ 18 ಎಲ್‌ಯುಎಫ್‌ಎಸ್ ಗರಿಷ್ಠ ಮಿತಿ ಇರುವುದರಿಂದ ಅದರಲ್ಲಿ ಗಟ್ಟಿತನದ ಪೈಪೋಟಿಗೆ ಅವಕಾಶವೇ ಇಲ್ಲ. ಮೈನಸ್ 7ರ ಸ್ಟೀರಿಯೊದಲ್ಲಿ ಉಸಿರುಗಟ್ಟಿದ್ದ ಡ್ರಮ್‌ಗಳು ಅದೇ ಆಲ್ಬಮಿನ ಅಟ್ಮಾಸ್ ಆವೃತ್ತಿಯಲ್ಲಿ ಎದ್ದು ನಿಂತಿರುವ ಉದಾಹರಣೆಗಳು ಸಾಕಷ್ಟಿವೆ. ಆದರೆ ಅದು ಬೇರೆಯೇ ಮಿಕ್ಸ್: ಗಾಯನ ಒಣಗಿದಂತೆ, ಗಿಟಾರ್‌ಗಳು ಚದುರಿದಂತೆ ಕೇಳಿಸಿ ರಾಕ್‌ನ ಒಗ್ಗಟ್ಟಿನ ಬಲ ಕುಂದುವುದೂ ಉಂಟು. ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ ನೋಡುವುದಕ್ಕೆ ಖರ್ಚಿಲ್ಲ. ಅಟ್ಮಾಸ್ ಮತ್ತು ನಷ್ಟರಹಿತ ಸ್ಟೀರಿಯೊ ಎರಡನ್ನೂ ಆಪಲ್ ಮ್ಯೂಸಿಕ್ 2021ರಿಂದ ಹೆಚ್ಚುವರಿ ಶುಲ್ಕವಿಲ್ಲದೆ ಕೊಡುತ್ತಿದೆ. ಡಿಲಕ್ಸ್ ಪೆಟ್ಟಿಗೆಯ ಬ್ಲೂ-ರೇಯಲ್ಲಿ ಕೆಲವೊಮ್ಮೆ ಅಟ್ಮಾಸ್ ಜೊತೆಗೆ ಮಾಸ್ಟರಿಂಗ್‌ನ ಲಿಮಿಟರ್ ಮುಟ್ಟದ ಸ್ಟೀರಿಯೊ ಮಿಕ್ಸನ್ನೂ ಇಡುತ್ತಾರೆ. ವಿವರಗಳಲ್ಲಿ ಅಂಥ ಉಲ್ಲೇಖ ಕಂಡರೆ ನನ್ನ ಮೊದಲ ಆಯ್ಕೆ ಅದೇ.

ಹಂತ 8: ಮಟ್ಟ ಸಮ ಮಾಡಿ, ಕಣ್ಣು ಮುಚ್ಚಿ ಹೋಲಿಸಿ

ಎರಡು ಆವೃತ್ತಿಗಳು ಕೈಯಲ್ಲಿದ್ದಾಗ ನಡೆಯುವ ದೊಡ್ಡ ಮೋಸ ಕಿವಿಯದೇ: ಒಂದು ಡೆಸಿಬೆಲ್ ಗಟ್ಟಿಯಾಗಿರುವುದು ಗಟ್ಟಿ ಎಂದು ತೋರದೆ ಉತ್ತಮ ಎಂದು ತೋರುತ್ತದೆ. ಫೂಬಾರ್2000ನ ಎಬಿಎಕ್ಸ್ ಸಾಧನದಲ್ಲಿ (ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಗುರುತಿಸಲು ಕೇಳುವ ಪರೀಕ್ಷೆ) ಮಟ್ಟ ಹೊಂದಿಸುವ ರೀಪ್ಲೇಗೇನ್ ಚಾಲೂ ಮಾಡಿ ಎರಡೂ ಫೈಲ್‌ಗಳನ್ನು ಒಂದೇ ಮಟ್ಟಕ್ಕೆ ತನ್ನಿ. ಮೃದು ಚರಣದಿಂದ ಪಲ್ಲವಿಗೆ ಜಿಗಿಯುವ ಇಪ್ಪತ್ತು ಸೆಕೆಂಡುಗಳ ತುಣುಕನ್ನು ಆರಿಸಿಕೊಂಡು, ಒಂದೊಂದು ಸಲ ಒಂದೊಂದನ್ನೇ ಗಮನಿಸಿ: ಪಲ್ಲವಿ ಬಂದಾಗ ಸ್ನೇರ್ ಹಿಂದೆ ಸರಿಯುತ್ತದೆಯೇ, ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಬೇರೆ ಬೇರೆಯಾಗಿ ಕೇಳಿಸುತ್ತವೆಯೇ, ಸಿಂಬಲ್ ಸದ್ದು ಸಹಜವಾಗಿ ಕರಗುತ್ತದೆಯೇ ಅಥವಾ ಪ್ರತಿ ಡ್ರಮ್ ಏಟಿಗೂ ಕುಗ್ಗಿ ಹಿಗ್ಗುತ್ತದೆಯೇ. 16 ಸಲದಲ್ಲಿ 12 ಸಲವಾದರೂ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ನಿಜವೆಂದು ಹೇಳಬಹುದು. ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಗುರುತಿಸಲಾಗದಿದ್ದರೆ ಅಗ್ಗದ್ದನ್ನು ಇಟ್ಟುಕೊಳ್ಳಿ.

ಹಂತ 9: ತೀರ್ಮಾನ, ಮತ್ತು ತಂದ ಮೇಲಿನ ತಪಾಸಣೆ

ಮುಂಗಡ ಬುಕಿಂಗ್‌ನ ಆತುರಕ್ಕೆ ಒಳಗಾಗದೆ ಬಿಡುಗಡೆಯ ನಂತರ ಎರಡು ಮೂರು ವಾರ ಕಾಯಿರಿ. ಅಷ್ಟರಲ್ಲಿ ಡಿಆರ್ ಮೌಲ್ಯಗಳು, ಪ್ರೆಸಿಂಗ್ ದೋಷಗಳ ವರದಿಗಳು ಬಂದಿರುತ್ತವೆ. ಎಲ್ಲ ಆವೃತ್ತಿಗಳಲ್ಲೂ ಒಂದೇ ಮಾಸ್ಟರ್ ಇದೆಯೆಂದು ತಿಳಿದುಬಂದರೆ ಸಿಡಿ ಅಥವಾ 16 ಬಿಟ್ ಫ್ಲ್ಯಾಕ್ ಸಾಕು. ಬ್ಲೂ-ರೇ, ಹೈ-ರೆಸ್ ಅಥವಾ ಎಲ್‌ಪಿಯಲ್ಲಿ ಕಡಿಮೆ ಒತ್ತಿದ ಮಾಸ್ಟರ್ ಇದ್ದರೆ ಅದೇ ಕ್ರಮದಲ್ಲಿ ಅವಕ್ಕೆ ಆದ್ಯತೆ ಕೊಡಿ, ಏಕೆಂದರೆ ಮೊದಲೆರಡರಲ್ಲಿ ತೋಡಿನ ತೊಂದರೆಗಳಿಲ್ಲ. ಮಿಕ್ಸೇ ಜಜ್ಜಿಹೋಗಿದ್ದರೆ ಯಾವ ಫಾರ್ಮ್ಯಾಟೂ ಉಳಿಸದು. ರಶ್ ತಂಡ 2002ರಲ್ಲಿ ತಂದ 'ವೇಪರ್ ಟ್ರೇಲ್ಸ್' ಆಲ್ಬಮನ್ನು 2013ರಲ್ಲಿ ಸಂಪೂರ್ಣ ಹೊಸದಾಗಿ ಮಿಕ್ಸ್ ಮಾಡಿಸಿ ಬಿಡುಗಡೆ ಮಾಡಿದಂತೆ, ತಂಡವೇ ಮನಸ್ಸು ಮಾಡಬೇಕು.

ಸಿಡಿ ಕೊಂಡರೆ ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶದಲ್ಲಿ ಫ್ಲ್ಯಾಕ್ ಆಗಿ ನಕಲಿಸಿ, ಇತರರ ನಕಲುಗಳ ಫಲಿತಾಂಶವಿರುವ ಅಕ್ಯುರೇಟ್‌ರಿಪ್ ದತ್ತಾಂಶದೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಎಲ್‌ಪಿ ಕೊಂಡರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಎರಡೂ ಬದಿಗಳನ್ನು ಪೂರ್ತಿ ನುಡಿಸಬೇಕು. ತಟ್ಟೆ ತಿರುಗುವಾಗ ಸೂಜಿ ಹೊತ್ತ ತೋಳಾದ ಟೋನ್‌ಆರ್ಮನ್ನು ಪಕ್ಕದಿಂದ ನೋಡಿ: ಅದು ಮೇಲೆ ಕೆಳಗೆ ತೂಗಿದರೆ ತಟ್ಟೆ ಬಾಗಿದೆ, ಎಡಕ್ಕೆ ಬಲಕ್ಕೆ ಓಲಾಡಿದರೆ ನಡುವಿನ ರಂಧ್ರ ಕೇಂದ್ರ ತಪ್ಪಿದೆ, ಎಳೆದು ಹಿಡಿದ ಗಿಟಾರ್ ಸ್ವರಗಳಲ್ಲಿ ಶ್ರುತಿ ಅಲುಗಾಡುವುದೂ ಕೇಳಿಸುತ್ತದೆ. ಹಾಡುಗಳ ನಡುವಿನ ಮೌನದಲ್ಲಿ ಬಟ್ಟೆ ಹರಿದಂಥ ಸದ್ದು ಸುತ್ತುಗಳ ಉದ್ದಕ್ಕೂ ಮುಂದುವರಿದರೆ ತೋಡಿಗೆ ವಿನೈಲ್ ಪೂರ್ತಿ ತುಂಬಿಲ್ಲವೆಂದು ತಿಳಿಯಬೇಕು. ತೊಳೆದರೆ ಧೂಳಿನ ಚಟಪಟ ಹೋಗುತ್ತದೆ, ಈ ಸದ್ದು ಹೋಗುವುದಿಲ್ಲ. ಅಂಥ ಪ್ರತಿಯನ್ನು ಬದಲಿಸಿಕೊಳ್ಳಿ.